ಹಮಾಲಿ ಆಟದ ಫ್ಲಾಪಿ

ಆ ಫ್ಲಾಪಿ ನನ್ನದು, ಸಾವಿತ್ರಿ. ಇಷ್ಟನ್ನು ಈ ಪತ್ರದಲ್ಲಿ ಬರೆಯಲು ನನಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

ತೊಂಬತ್ತರ ದಶಕದ ಕೊನೆ. ಶಿರಾಳಕೊಪ್ಪದ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಇದ್ದದ್ದು ಮೂರೇ ಯಂತ್ರ, ಕಲಿಸಲು ನಾನೊಬ್ಬಳೇ. ಹೊರಗಿನ ಫ್ಲಾಪಿ ಹಾಕಿದರೆ ಕೆಲಸದಿಂದ ತೆಗೆಯುತ್ತೇನೆಂದು ಮಾಲೀಕರಾದ ಮಂಡಿ ಸಾಹುಕಾರರು ಮೊದಲ ದಿನವೇ ಹೇಳಿದ್ದರು. ಆದರೂ ಮೂರಕ್ಕೂ ಹಾಕಿದೆ. ದಾವಣಗೆರೆಯ ಗೆಳತಿ ಕೊಟ್ಟ ಆಟ — ಪರದೆಯ ಮೇಲೊಂದು ಗೋದಾಮು, ಪೆಟ್ಟಿಗೆ ತಳ್ಳುವ ಪುಟ್ಟ ಮನುಷ್ಯ. ತಳ್ಳಬಹುದು, ಎಳೆಯುವಂತಿಲ್ಲ. ಮೂಲೆ ಸೇರಿದ ಪೆಟ್ಟಿಗೆ ಮತ್ತೆ ಹೊರಬಾರದು. ನೀವೆಲ್ಲ ಅದಕ್ಕೆ ಹಮಾಲಿ ಆಟವೆಂದು ಹೆಸರಿಟ್ಟಿರಿ, ಟೈಪಿಂಗ್ ಮರೆತಿರಿ. ಸಾಹುಕಾರರೂ ಒಂದು ಸಂಜೆ ಬಂದು ನೋಡಿ, "ಇಂಥ ಹಮಾಲ ನಮ್ಮ ಮಂಡೀಲಿ ಒಂದಿನಾನೂ ನಿಲ್ಲಂಗಿಲ್ಲ ಬಿಡ್ರೀ" ಎಂದು ನಕ್ಕರು. ಆಟ ಯಂತ್ರದ ಜೊತೆಗೇ ಬಂದದ್ದೆಂದು ನಾನು ಸುಳ್ಳು ಹೇಳಿದೆ, ಅವರು ನಂಬಿದರು.

ಯಾರಿಗೂ ದಾಟಲಾಗದ ಒಂಬತ್ತನೇ ಹಂತವನ್ನು ದಾಟಿದವಳು ನೀನು. ನಿನ್ನ ಊರಾದ ಕ್ಯಾಸನೂರಿನಿಂದ ಹೊರಟು ಸೊರಬದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದೆ. ನಾನು ಆತುರಪಟ್ಟು ಮೂಲೆಗೆ ತಳ್ಳಿದಾಗಲೆಲ್ಲ, "ನಿಂತು ನೋಡಿ ತಳ್ಳಿ ಮೇಡಂ" ಎನ್ನುತ್ತಿದ್ದೆ ನೀನು.

ಒಂದು ಬೆಳಿಗ್ಗೆ ಮೂರೂ ಯಂತ್ರ ನಿಂತವು. ರಿಪೇರಿಯವನು "ವೈರಸ್" ಎಂದಷ್ಟೇ ಹೇಳಿ ಹೋದ. ಸಾಹುಕಾರರ ಮುಖ ಬಿಳಿಚಿತು. ನಮ್ಮ ಕಡೆ ಅವರಂಥವರಿಗೆ ಆ ಪದದ ಅರ್ಥ ಒಂದೇ — ಮಂಗನ ಕಾಯಿಲೆ, ಕ್ಯಾಸನೂರಿನ ಕಾಡಿನಲ್ಲೇ ಮೊದಲು ಕಾಣಿಸಿಕೊಂಡ ಜ್ವರ.

"ಎಲ್ಲಿಂದ ಬಂತ್ರೀ ಇದು?"

ಆ ವೈರಸ್ ತಂದ ಆಟದ ಫ್ಲಾಪಿ ನನ್ನ ಬ್ಯಾಗಿನಲ್ಲೇ ಇತ್ತು.

"ಸಾವಿತ್ರಿ ಕ್ಯಾಸನೂರಿಂದ ಬರ್ತಾಳಲ್ರೀ..."

ನೀನೇ ಫ್ಲಾಪಿ ತಂದಿರಬೇಕು ಎನ್ನಲು ಹೊರಟಿದ್ದೆ — ಅದೂ ಸುಳ್ಳೇ. ಅವರು ನೀನು ತಂದದ್ದು ಜ್ವರವೆಂದುಕೊಂಡರು. ತಪ್ಪು ತಿಳಿದರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ತಿದ್ದಿದರೆ ಮುಂದಿನ ಪ್ರಶ್ನೆ ಫ್ಲಾಪಿಯದೇ... ಬಾಯಿ ಮುಚ್ಚಿಕೊಂಡೆ.

ಮರುದಿನ ಕೀಬೋರ್ಡುಗಳಿಗೆಲ್ಲ ಫಿನಾಯಿಲ್ ಒರೆಸಿದರು. ನಿನ್ನ ಕುರ್ಚಿ ಹೊರಗೆ ಹೋಯಿತು. ಪರೀಕ್ಷೆಗೆ ನಾಲ್ಕೇ ದಿನವಿತ್ತು. ಅದೇ ಕಾಯಿಲೆಯಲ್ಲಿ ಅಮ್ಮನನ್ನು ಕಳೆದುಕೊಂಡವಳು ನೀನು. ಅದು ಕಾಡಿನ ಉಣ್ಣೆ ಹುಳ ಕಚ್ಚಿ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ನನಗೆ ತಿಳಿಸಿದವಳೂ ನೀನೇ. ಹೊಸ್ತಿಲಾಚೆ ನಿಂತು ಕೇಳಿದೆ:

"ನಂಗೇನೂ ಇಲ್ಲ ಅಂತ ನೀವಾದ್ರೂ ಹೇಳಿ ಮೇಡಂ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕದ ಹಾಳೆ ತಿರುವಿದೆ.

ನನ್ನ ಕೆಲಸ ಉಳಿಯಿತು, ಆ ಅನುಭವದ ಮೇಲೆ ಶಿಕಾರಿಪುರದಲ್ಲಿ ಇನ್ನೂ ಒಳ್ಳೆಯದು ಸಿಕ್ಕಿತು. ನಿನಗೆ ಸರ್ಟಿಫಿಕೇಟು ಸಿಗಲಿಲ್ಲ. ಸೊರಬದ ಬಸ್ಸು ಕಂಡರೆ ಇಂದಿಗೂ ಹೆದರಿಕೆ — ಕಿಟಕಿಯಲ್ಲಿ ನಿನ್ನ ಮುಖ ಇದ್ದರೆ...

ನಾಳೆ ಮೊದಲು ಸಾಹುಕಾರರ ಮಂಡಿಗೆ ಹೋಗಿ ನಿಜ ಹೇಳುತ್ತೇನೆ. ಅಲ್ಲಿಂದ ನಿನ್ನ ಮನೆಗೆ. ನೀನು ಒಳಗೆ ಕರೆಯಬೇಕಿಲ್ಲ. ಹೊಸ್ತಿಲಾಚೆ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳುತ್ತೇನೆ — ಇವಳಿಗೇನೂ ಇರಲಿಲ್ಲ.