ಹತ್ತು ಮೈಲು ಮತ್ತು ಮಾಸ್ತರರ ಕೈ

ಇವತ್ತು ಬೆಳಿಗ್ಗೆ ಮೊಮ್ಮಗಳು "ಟೆನ್ ಮೈಲ್ಸ್ ಈಸ್ ಎ ಲಾಂಗ್ ವೇ" ಎಂದು ಬಾಯಿಪಾಠ ಮಾಡುತ್ತಿದ್ದಳು. ಬಾಯಿಪಾಠದಿಂದ ಎಲ್ಲಾದರೂ ಇಂಗ್ಲಿಷ್ ಬರುತ್ತದೆಯೇ? ನಾನು ಕಲಿತ ರೀತಿಯೇ ಬೇರೆ.

ಮೂಡಲಗಿಯ ಶಾಲೆಯಲ್ಲಿ ನಮ್ಮ ಮಾಸ್ತರರು ವ್ಯಾಕರಣವನ್ನು ಕೈಯಲ್ಲೇ ಕಲಿಸುತ್ತಿದ್ದರು. ಹತ್ತು ಮೈಲು ಸೇರಿ ಒಂದೇ ದಾರಿ, ಆದ್ದರಿಂದ ಮುಷ್ಟಿ ಹಿಡಿದು 'ಈಸ್'. ಹತ್ತು ಎತ್ತು ಬೇರೆಬೇರೆ ಮೇಯುತ್ತವೆ, ಆದ್ದರಿಂದ ಬೆರಳು ಬಿಡಿಸಿ 'ಆರ್'. ಅವರ ಕೈ ನೋಡಿ ಉತ್ತರ ಹೇಳುವುದರಲ್ಲಿ ಗೋಕಾಕ, ಹುಕ್ಕೇರಿ ಎರಡೂ ಕಡೆ ನನ್ನನ್ನು ಮೀರಿಸುವವರಿರಲಿಲ್ಲ.

ಒಮ್ಮೆ ತಪಾಸಣೆಗೆ ಸಾಹೇಬರು ಬಂದರು. ನಾವು ತಪ್ಪಿದರೆ ಮಾಸ್ತರರ ಕೆಲಸಕ್ಕೇ ಕುತ್ತು. ಸಾಹೇಬರು ನನ್ನನ್ನೇ ಎಬ್ಬಿಸಿ ಹತ್ತು ಮೈಲಿನ ವಾಕ್ಯ ಕೇಳಿದರು. ಅವರ ಹಿಂದೆ ನಿಂತಿದ್ದ ಮಾಸ್ತರರು ನನಗೆ ಕಾಣಲೆಂದು ಮುಷ್ಟಿ ಎತ್ತಿದರು. ಅಷ್ಟರಲ್ಲೇ ಸಾಹೇಬರು ಹೊರಳಿದರು. ಮುಷ್ಟಿ ಅವರ ತಲೆಯ ರುಮಾಲಿನ ಮೇಲೇ ಇತ್ತು!

"ಏನ್ರಿ ಮಾಸ್ತರ, ನನಗ ಗುದ್ದಾಕತ್ತೀರೇನು?"

ಮಾಸ್ತರರು ಮುಷ್ಟಿ ಇಳಿಸುವಷ್ಟರಲ್ಲಿ ನಾನೇ ಮುಂದಾದೆ: "ನಿಮಗಲ್ರಿ ಸಾಹೇಬ್ರ, ನನಗ್ರಿ. ನಾ ಭಾಳ ಉಡಾಳ ಅದೀನ್ರಿ. ಟೆನ್ ಮೈಲ್ಸ್ ಈಸ್ ರೀ!"

ಸಾಹೇಬರು ನಕ್ಕುಬಿಟ್ಟರು. "ಹುಡುಗ ಶಾಣ್ಯಾ ಅದಾನ. ಆದ್ರ ಇನ್ನಮ್ಯಾಲೆ ಹುಡುಗರ ಮುಂದ ಕೈ ಎತ್ತಬ್ಯಾಡ್ರಿ ಮಾಸ್ತರ" ಎಂದು ತಾಕೀತು ಮಾಡಿ ಹೋದರು.

ಕೆಲಸವೇನೋ ಉಳಿಯಿತು. ಆದರೆ ಅಂದಿನಿಂದ ಮಾಸ್ತರರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡೇ ಇಂಗ್ಲಿಷ್ ಕಲಿಸಿದರು. ಆ ವರ್ಷ ಇಡೀ ವರ್ಗವೇ ಇಂಗ್ಲಿಷಿನಲ್ಲಿ ನಪಾಸಾಯಿತು.

ಇಷ್ಟು ಹೇಳುವಷ್ಟರಲ್ಲಿ ಮೊಮ್ಮಗಳು ಪುಸ್ತಕ ಮುಚ್ಚಿ ಕೇಳಿದಳು: "ಅಜ್ಜಾ, ನೀನೂ ನಪಾಸೇನು?"

"ಮತ್ತ? ನಪಾಸಾದವರೊಳಗ ನಂದ ಮೊದಲನೇ ನಂಬರ!" ಎಂದೆ.