ಬೆತ್ತದ ಎರಡನೆಯ ಕುರ್ಚಿ

ನಮ್ಮ ನಡುಮನೆಯಲ್ಲೊಂದು ಹಳೆಯ ಬೆತ್ತದ ಕುರ್ಚಿಯಿದೆ. ಅದರ ಬೆನ್ನಿನ ಹೆಣಿಗೆ ಈಗಲೂ ಬಿಗಿಯಾಗಿದೆ. ಮುಂದಿನ ಅಂಚು ಮಾತ್ರ ಸವೆದು ನುಣುಪಾಗಿದೆ. ಕೂತವರು ಯಾರೂ ಪೂರ್ತಿ ಕೂರಲಿಲ್ಲ ಎಂಬುದು ನೋಡಿದ ಕೂಡಲೇ ನಿಮಗೆ ತಿಳಿದೀತು.

ಐವತ್ತರ ದಶಕದಲ್ಲಿ ಯಶವಂತಪುರದ ನಮ್ಮ ಮನೆಯ ಮುಂಗೋಣೆಯೇ ಅಪ್ಪನ ವಕೀಲಿ ಕಚೇರಿ. ಕಕ್ಷಿದಾರನಿಗೆ ಒಂದು ಕುರ್ಚಿ ಸಾಕಾಗಿತ್ತು, ಅಪ್ಪ ಎರಡಿಟ್ಟಿದ್ದರು. ಎರಡನೆಯದು, ಅಂದರೆ ಈ ಕುರ್ಚಿ, ಅವನ ಹೆಂಡತಿಗೆ. ಆಕೆ ಬಂದು ಕೂರುವ ತನಕ ಅವರು ಫೀಸಿನ ಮಾತೆತ್ತುತ್ತಿರಲಿಲ್ಲ. ಗಂಡಸು ವಕೀಲನೆದುರು ಬಿಗುಮಾನಕ್ಕೆ ತಲೆಯಾಡಿಸಿ ಹೋಗುತ್ತಾನೆ, ಕೊನೆಗೆ ಕಿವಿಯ ಓಲೆ ಬಿಚ್ಚಿಕೊಡುವವಳು ಅವಳು ಎಂಬುದು ಅವರ ವಾದ. ತಮ್ಮ ಫೀಸು, ಸ್ಟಾಂಪು, ನೋಟೀಸು ತಲುಪಿಸುವ ಅಮೀನನ ಖರ್ಚು, ಸೋತರೆ ಅಪೀಲು, ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಗೆ ಆಕೆಯತ್ತ ತಿರುಗಿ, "ಇಷ್ಟೇನಾ ಅಂತ ಕೇಳಮ್ಮ" ಎನ್ನುತ್ತಿದ್ದರು. ಆಕೆ ನಾಚುತ್ತ ಕೇಳಿದಾಗಲೇ ಸಾಕ್ಷಿಗಳ ಬಸ್ ಚಾರ್ಜೋ ಟೈಪಿನ ಕೂಲಿಯೋ ಅವರ ನೆನಪಿಗೆ ಬರುತ್ತಿತ್ತು. ಆಮೇಲೆ ಒಂದು ಕಾಸೂ ಹೆಚ್ಚಿಗೆ ಕೇಳುತ್ತಿರಲಿಲ್ಲ. ಮೊಕದ್ದಮೆ ಸೋತವರೂ ನಮ್ಮ ಮನೆಗೆ ಹಲಸಿನಹಣ್ಣು ಹೊತ್ತು ತರುತ್ತಿದ್ದುದು ಅದಕ್ಕೇ.

ಚಿಕ್ಕಬಾಣಾವರದಿಂದ ರೈಲಿನಲ್ಲಿ ಬಂದಿದ್ದ ಒಬ್ಬಾಕೆ, ದಾಯಾದಿಯೊಂದಿಗಿನ ಬಾವಿಯ ವ್ಯಾಜ್ಯದ ಖರ್ಚನ್ನೆಲ್ಲ ಕೇಳಿಸಿಕೊಂಡು, "ಆ ದುಡ್ಡಿಗೆ ಬ್ಯಾರೆ ಬಾವೀನೇ ತೋಡುಸ್ಬೌದಲ್ಲ ಸೋಮಿ" ಎಂದಳು. ಅಪ್ಪ ಹೌದೆಂದು ನಗುತ್ತ ಕಳಿಸಿಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಮ್ಮ ಅಡುಗೆಮನೆಯಲ್ಲಿ ಗೊಣಗಿದ್ದೇ ಗೊಣಗಿದ್ದು. ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಕೋರ್ಟಿನ ಬಾಗಿಲಲ್ಲೇ ಅನ್ನ ಹುಡುಕುವ ಮನುಷ್ಯ ಇಷ್ಟು ಹೇಳಿಬಿಟ್ಟರೆ ಸಂಸಾರ ನಡೆಯುವುದು ಹೇಗೆ?

ಅಂಥ ಅಪ್ಪನಿಗೂ ಒಂದು ಸಲ ಸಿಟ್ಟು ನೆತ್ತಿಗೇರಿತು. ತಾತ ತೀರಿಕೊಂಡ ಮೇಲೆ ಯಲಹಂಕದ ಹಿತ್ತಲು ಜಾಗವನ್ನು ಅಪ್ಪನ ತಮ್ಮ, ನಮ್ಮ ಸೀನು ಚಿಕ್ಕಪ್ಪ, ಸದ್ದಿಲ್ಲದೆ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿದ್ದ. ಅಜ್ಜಿಯಿಲ್ಲದ ಮನೆಯಲ್ಲಿ ಅಮ್ಮನ ಕೈತುತ್ತು ತಿಂದು ಬೆಳೆದವನು. ಅಪ್ಪ ಯಾರೊಡನೆಯೂ ಮಾತಾಡದೆ ತಾವೇ ದಾವೆ ಬರೆದರು. ಮರುದಿನ ಬೆಳಿಗ್ಗೆ ಕೋಟು ಹಾಕಿಕೊಳ್ಳುವ ಹೊತ್ತಿಗೆ ಅಮ್ಮ ಮುಂಗೋಣೆಗೆ ಬಂದಳು. ಕಚೇರಿಯ ಹೊತ್ತಿನಲ್ಲಿ ಹೊಸಿಲು ದಾಟಿದವಳಲ್ಲ. ಕೈಯನ್ನು ಸೆರಗಿಗೊರೆಸಿಕೊಂಡು ಎರಡನೆಯ ಕುರ್ಚಿಯಲ್ಲಿ ಕೂತು, "ಖರ್ಚು ಹೇಳಿ" ಎಂದಳು.

ಅಪ್ಪ ಮೊದಲು ನಕ್ಕರು, ಆಮೇಲೆ ರೇಗಿದರು. ಅವಳು ಏಳಲಿಲ್ಲ. ಕೊನೆಗೆ ಸ್ಟಾಂಪಿನಿಂದ ಹಿಡಿದು ಅಪೀಲಿನವರೆಗೆ, ಯಾರೋ ಪರ ಊರಿನ ಕಕ್ಷಿದಾರನಿಗೆ ಹೇಳುವಂತೆ ಎಲ್ಲವನ್ನೂ ಹೇಳಿದರು.

"ಇಷ್ಟೇನಾ?" ಎಂದಳು ಅಮ್ಮ.

ಆ ಪ್ರಶ್ನೆಯನ್ನು ಅಷ್ಟು ಹೆಂಗಸರಿಗೆ ಕಲಿಸಿದವರೇ ಈಗ ದಾವೆಯ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿ, ಮಡಿಚಿ ಕೆಳಗಿಟ್ಟರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ.

"ಇಲ್ಲ ಕಣೇ. ಸೀನು ಇನ್ಮೇಲೆ ಈ ಮನೆಗೆ ಬರೋಲ್ಲ."

ದಾವೆ ಕೋರ್ಟಿಗೆ ಹೋಗಲಿಲ್ಲ. ಜಾಗ ಚಿಕ್ಕಪ್ಪನದೇ ಆಯಿತು. ನ್ಯಾಯ ನಮ್ಮ ಕಡೆಗಿತ್ತು, ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಯುಗಾದಿಗೆ ಅವನು ಎಂದಿನಂತೆ ಬಂದು, ತಲೆ ತಗ್ಗಿಸಿಕೊಂಡು ಹೋಳಿಗೆ ತಿಂದ. ಅಮ್ಮ ಕೇಳದೆಯೇ ಇನ್ನೊಂದು ಬಡಿಸಿದಳು. ಜಾಗದ ಮಾತು ಯಾರೂ ಎತ್ತಲಿಲ್ಲ. ಅಪ್ಪ ಹೋದ ದಿನ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಅವನೇ.

ಈಗ ಯಾರ ಮೇಲಾದರೂ ಹಟ ಹುಟ್ಟಿದಾಗ ನಾನು ಆ ಕುರ್ಚಿಯ ಸವೆದ ಅಂಚನ್ನು ಮುಟ್ಟಿ ನೋಡುತ್ತೇನೆ. ಎಷ್ಟೋ ಹೆಂಗಸರು ಅಲ್ಲಿ ತುದಿಯಲ್ಲಿ ಕೂತು, ಅಳುಕುತ್ತ ಕೇಳಿ ಎದ್ದುಹೋದರು. ಅಮ್ಮನೊಬ್ಬಳೇ ಅದಕ್ಕೆ ಬೆನ್ನೊರಗಿಸಿ ಕೂತಿದ್ದಳು, ಉತ್ತರ ಬರುವವರೆಗೂ.