ಬಾರದ ಗುಡುಗು

ನಮ್ಮ ಕಡೆ ಸ್ಲೈಡ್ ಎಂದರೆ ತಲೆಕೂದಲಿಗೆ ಸಿಕ್ಕಿಸುವ ಕಪ್ಪು ಪಿನ್ನು. ನಾನು ಬದಿಯಡ್ಕದ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಬಳೆ, ರಿಬ್ಬನ್, ಸ್ಲೈಡ್ ಮಾರುತ್ತಿದ್ದವಳು. ಡಾಕ್ಟರಾದ ಮೇಲೂ ಪೆಥಾಲಜಿ ಕಲಿಯಲು ಹೋದ ತಂಗಿ ಫೋನಿನಲ್ಲಿ, "ಇಡೀ ದಿನ ಸ್ಲೈಡ್ ನೋಡುವುದೇ ಕೆಲಸ ಅಕ್ಕ" ಎಂದಾಗ ನಗು ತಡೆಯಲಾಗಲಿಲ್ಲ.

"ಅದು ನನಗೆ ಏಳನೇ ಕ್ಲಾಸಿಗೇ ಬಂತು. ನಿನಗೆ ಇಷ್ಟು ವರ್ಷ ಬೇಕಾಯ್ತಾ ಮಾರಾಯ್ತಿ?"

ಏಳರ ನಂತರ ನಾನು ಶಾಲೆಗೆ ಹೋಗಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಓದಲು ಅವಳು ಬೆಳ್ಳೂರಿನ ನಮ್ಮ ಮನೆಗೆ ಬಂದಳು. ಮೊಬೈಲಿಗೆ ರೇಂಜ್ ಇರಲಿಲ್ಲ. ಲ್ಯಾಂಡ್‌ಫೋನಿನ ವಯರಿನಲ್ಲಿ ಇಂಟರ್ನೆಟ್ ಬರುತ್ತಿತ್ತು. ವಾರಕ್ಕೊಂದು ಸಂಜೆ ಅದರಲ್ಲೇ ಕ್ಲಾಸು. ಎಲ್ಲೋ ದೂರದಲ್ಲಿದ್ದ ಮೇಷ್ಟ್ರು ಪರದೆಯ ಮೇಲೆ ಒಂದು ಸ್ಲೈಡ್, ಎಂದರೆ ಗಾಜಿನ ಮೇಲಿಟ್ಟ ಮೈಯ ಚೂರಿನ ಚಿತ್ರ, ತೋರಿಸುತ್ತಿದ್ದರು. ಯಾರ ಸರದಿಯೋ ಅವರು ಎಲ್ಲರ ಎದುರು ಅದನ್ನು ನೋಡಿ ರೋಗ ಹೇಳಬೇಕು.

ಗುಲಾಬಿ, ನೇರಳೆ ಬಣ್ಣದ ಚುಕ್ಕಿಗಳು. "ಈ ಡಿಸೈನಿನ ನೈಟಿ ನನ್ನತ್ರ ಉಂಟು" ಎಂದೆ.

"ಅದು ಒಬ್ಬರ ಲಿವರ್ ಅಕ್ಕ!"

ಅಷ್ಟೇ ಮಾತು. ಮತ್ತೆ ಇಯರ್‌ಫೋನು ಕಿವಿಗೆ. ಚಿಕ್ಕವಳಿದ್ದಾಗ ಅಂಗಡಿಯಿಂದ ನಾನು ಬರುವುದನ್ನೇ ಕಾದು, ಶಾಲೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದವಳು ಅವಳು.

ದೀಪಾವಳಿ ಹೊತ್ತಿನ ತುಲಾ ತಿಂಗಳ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಜೋರು. ಮೊದಲ ಸದ್ದಿಗೇ ಟಿವಿ, ಫೋನುಗಳ ವಯರ್ ಎಳೆದು ಹಾಕುವುದು ಎಲ್ಲ ಮನೆಗಳ ಕ್ರಮ. ಇಯರ್‌ಫೋನಿನಲ್ಲಿ ಕಿವಿ ಮುಚ್ಚಿಕೊಂಡು ಕೂರುವ ತಂಗಿ ಆ ಕೆಲಸ ನನಗೆ ಬಿಟ್ಟಿದ್ದಳು. "ಗುಡುಗಿದ್ರೆ ನೀನೇ ತೆಗಿ. ನನ್ನನ್ನು ಕೇಳ್ತಾ ನಿಲ್ಬೇಡ."

ಅವಳು ಹಾಸ್ಟೆಲಿಗೆ ಹೊರಡುವ ಮುಂಚಿನ ಸಂಜೆ. ಮೋಡ ಕಟ್ಟಿತ್ತು, ಆದರೆ ಸದ್ದಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಪರದೆಯಲ್ಲಿದ್ದ ಯಾರನ್ನೋ ನೋಡಿ ಅವಳು ನಗುತ್ತಿದ್ದಳು. ನಾನು ವಯರ್ ಎಳೆದೆ.

"ಗುಡುಗಿತಾ?"

"ಹ್ಞೂಂ. ದೊಡ್ಡದು."

"ಅಯ್ಯೋ, ಮುಂದಿನದ್ದು ನನ್ನ ಸರದಿ ಅಕ್ಕ. ಈ ಪರೀಕ್ಷೆಗೆ ಮೊದಲು ಇನ್ನು ಸಿಗುವುದಿಲ್ಲ. ಸ್ವಲ್ಪ ಬಿಟ್ಟು ಹಾಕುವನಾ?"

ಆಗಲಾದರೂ ಹಾಕಬಹುದಿತ್ತು. "ಬೇಡ ಬೇಡ, ಇನ್ನೂ ಉಂಟು" ಎಂದೆ.

ಅವಳು ಎದ್ದು ಅಡುಗೆಮನೆಗೆ ಬಂದಳು. ಹಲಸಿನ ಹಪ್ಪಳ ಕರಿದೆ. ಆರುವ ಮೊದಲೇ ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡಳು. ಮೇಷ್ಟ್ರ ಹಾಗೆ ಮೂಗಿನಲ್ಲಿ ಮಾತಾಡಿ ತೋರಿಸಿದಳು. ನಕ್ಕು ನಕ್ಕು ನನಗೆ ಹೊಟ್ಟೆ ನೋವಾಯಿತು. ಅಂಥ ಸಂಜೆ ನಮಗೆ ಮತ್ತೆ ಸಿಕ್ಕಿಲ್ಲ. ಈಗಲೂ ನೆನೆದರೆ ಮೊದಲು ಬರುವುದು ಸಂತೋಷವೇ. ನಾಚಿಕೆ ಅದರ ಹಿಂದಿನಿಂದ ಬರುತ್ತದೆ.

ಆ ಸಲದ ಪ್ರಾಕ್ಟಿಕಲ್‌ನಲ್ಲಿ ಅವಳು ಫೇಲಾದಳು. "ಉತ್ತರ ಗೊತ್ತಿತ್ತು ಅಕ್ಕ. ಪರೀಕ್ಷೆ ಮಾಡುವವರೆಲ್ಲ ಎದುರು ಕೂತದ್ದು ಕಂಡು ಬಾಯಿಯೇ ಬಿಡ್ಲಿಕ್ಕೆ ಆಗ್ಲಿಲ್ಲ." ಆ ಸಂಜೆ ಎಲ್ಲರ ಎದುರು ಒಮ್ಮೆ ಬಾಯಿ ಬಿಟ್ಟಿದ್ದರೆ? ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಪಾಸಾದಳು. ನನ್ನನ್ನು ದೂರಲಿಲ್ಲ, ದೂರಲು ಅವಳಿಗೆ ಕಾರಣವೇ ಗೊತ್ತಿರಲಿಲ್ಲ.

ಕೆಲವು ವರ್ಷ ಕಳೆದು ರಜೆಗೆ ಬಂದಿದ್ದಾಗ, ಮೋಡ ಕಟ್ಟಿದ ಒಂದು ಸಂಜೆ ಅವಳೇ ಕಂಪ್ಯೂಟರಿನಲ್ಲಿ ಕಿರಿಯರಿಗೆ ಕಲಿಸುತ್ತಿದ್ದಳು. ನಡುವೆ ಒಂದು ಕಿವಿಯ ಇಯರ್‌ಫೋನು ತೆಗೆದು ಕರೆದಳು. "ಅಕ್ಕ, ವಯರ್ ತೆಗೀಬೇಕಾ? ನೀನು ಹೇಳಿದ್ರೆ ನನಗೆ ಧೈರ್ಯ."

"ಎಂತದೂ ಇಲ್ಲ. ನೀನು ಕಲಿಸು" ಎಂದು ಜಗಲಿಗೆ ಬಂದು ನಿಂತೆ. ಕ್ಲಾಸು ಮುಗಿದ ಕೂಡಲೇ, ಅವತ್ತು ಗುಡುಗಿರಲಿಲ್ಲ ಎಂದು ಹೇಳಿಬಿಡುತ್ತೇನೆ ಎಂದುಕೊಂಡೆ, ಮಾತನ್ನೂ ಜೋಡಿಸಿಕೊಂಡೆ.

ಅವಳು ಹೊರಗೆ ಬಂದು ಮೈಮುರಿದಳು. "ಹಸಿವಾಯ್ತು ಅಕ್ಕ. ಎಂತ ಉಂಟು?"

ನಾನು ಒಳಗೆ ಹೋಗಿ ದೋಸೆಗೆ ಕಾವಲಿ ಇಟ್ಟೆ.